ಕಸ ಸಂಗ್ರಹ ಸಂಸ್ಥೆಯ ಜಾಲತಾಣವನ್ನು ಅಂಗವಿಕಲರೂ ಬಳಸುವಂತೆ ಮಾಡುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಮನೆ ಮನೆಯಿಂದ ಕಸ ಒಯ್ಯುವ ಆಟೊ ಟಿಪ್ಪರ್‌ಗಳಲ್ಲದೆ, ದೊಡ್ಡ ಅಪಾರ್ಟ್‌ಮೆಂಟ್‌ಗಳು, ಹೋಟೆಲ್‌ಗಳು ಮತ್ತು ಕಚೇರಿ ಸಂಕೀರ್ಣಗಳ ಕಸ ಸಂಗ್ರಹಿಸುವ ಖಾಸಗಿ ಸಂಸ್ಥೆಗಳೂ ಇವೆ. ಗಾಡಿ ಬರುವ ವೇಳೆ, ಒಣ ಕಸ ಕೊಡುವ ದಿನ, ಹಳೆಯ ಹಾಸಿಗೆ ಅಥವಾ ಕೆಟ್ಟ ಟಿವಿ ಒಯ್ಯಲು ಕೋರಿಕೆ, ಗಾಡಿ ಬರದಿದ್ದರೆ ದೂರು, ತಿಂಗಳ ಶುಲ್ಕ ಇವೆಲ್ಲವೂ ಈಗ ಜಾಲತಾಣದ ಮೂಲಕ ನಡೆಯುತ್ತವೆ. ಕಣ್ಣು ಕಾಣದವರ ಮನೆಯಲ್ಲೂ, ಕಿವಿ ಕೇಳದವರ ಮನೆಯಲ್ಲೂ, ಮೌಸ್ ಹಿಡಿಯಲು ಕೈ ಸಹಕರಿಸದವರ ಮನೆಯಲ್ಲೂ ದಿನವೂ ಕಸ ಹುಟ್ಟುತ್ತದೆ. ಅವರು ಪ್ರತಿ ಸಲ ಪಕ್ಕದ ಮನೆಯವರನ್ನು ಕೇಳಿ ಇಷ್ಟು ಸಣ್ಣ ಕೆಲಸ ಮಾಡಿಸಿಕೊಳ್ಳಬೇಕಾಗಿ ಬರುವುದು ನ್ಯಾಯವಲ್ಲ. ಇದನ್ನು ಸರಿಪಡಿಸಲು ದೊಡ್ಡ ಖರ್ಚೂ ಬೇಕಿಲ್ಲ. ಸಂಸ್ಥೆಯ ಮಾಲೀಕರು, ಅವರ ಜಾಲತಾಣ ಕಟ್ಟುವ ತಂತ್ರಜ್ಞರು ಮತ್ತು ದಿನನಿತ್ಯ ಅದರಲ್ಲಿ ಸೂಚನೆ ಹಾಕುವ ಕಚೇರಿ ಸಿಬ್ಬಂದಿ, ಈ ಮೂವರಿಗಾಗಿ ಇದನ್ನು ಬರೆದಿದ್ದೇನೆ.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದ್ದು, 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಸೇವೆಗಳು ಅಂಗವಿಕಲರಿಗೂ ಸುಲಭವಾಗಿ ಸಿಗುವಂತಿರಬೇಕು ಎನ್ನುವ ಅದರ 46ನೇ ಸೆಕ್ಷನ್ ಸರ್ಕಾರಿ ಮತ್ತು ಖಾಸಗಿ ಸೇವಾದಾತರಿಬ್ಬರಿಗೂ ಅನ್ವಯಿಸುತ್ತದೆ. ಮಾಹಿತಿ ತಂತ್ರಜ್ಞಾನದ ಉತ್ಪನ್ನ ಮತ್ತು ಸೇವೆಗಳಿಗೆಂದೇ ಐಎಸ್ 17802 ಎಂಬ ಭಾರತೀಯ ಮಾನಕವಿದೆ. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯಡಿ ಬರುವ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರ ತೀರ್ಪಿನಲ್ಲಿ ಹೇಳಿದೆ. ಜಾಲತಾಣವನ್ನು ಅಂಗವಿಕಲರೂ ಬಳಸುವಂತೆ ಮಾಡುವ ತಾಂತ್ರಿಕ ವಿವರಗಳಿಗೆ ಜಗತ್ತಿನಾದ್ಯಂತ ಬಳಸುವ ನಿಯಮಾವಳಿ ಡಬ್ಲ್ಯೂಸಿಎಜಿ (WCAG). ಅದರ 2.2ನೇ ಆವೃತ್ತಿ 2023ರ ಅಕ್ಟೋಬರ್‌ನಲ್ಲಿ ಹೊರಬಂದಿದೆ. ಅದರಲ್ಲಿ ‘ಎ’, ‘ಎಎ’, ‘ಎಎಎ’ ಎಂಬ ಮೂರು ಮಟ್ಟಗಳಿದ್ದು, ‘ಎಎ’ ಮಟ್ಟವನ್ನು ಗುರಿಯಾಗಿ ಇಟ್ಟುಕೊಂಡರೆ ಸಾಕು.

ಮೊದಲ ಹಂತ: ಜನ ಯಾವ ಕೆಲಸಕ್ಕೆ ಬರುತ್ತಾರೆ ಎಂಬುದನ್ನು ಬರೆದುಕೊಳ್ಳಿ

ನಿಯಮಾವಳಿಯ ಪಟ್ಟಿ ಹಿಡಿದು ಮೊದಲ ಅಂಶದಿಂದ ಕೊನೆಯ ಅಂಶದವರೆಗೆ ಗುರುತು ಹಾಕುತ್ತಾ ಹೋಗುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಹಾಗೆ ಮಾಡಿದಾಗ ‘ನಮ್ಮ ಬಗ್ಗೆ’ ಪುಟ ಅಚ್ಚುಕಟ್ಟಾಗಿ, ದೂರಿನ ಅರ್ಜಿ ಮಾತ್ರ ಯಾರಿಗೂ ತುಂಬಲಾಗದಂತೆ ಉಳಿದುಬಿಡಬಹುದು. ಅದರ ಬದಲು, ಬಳಕೆದಾರರು ನಿಜವಾಗಿ ಬರುವ ಕೆಲಸಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕಸ ಸಂಗ್ರಹ ಸಂಸ್ಥೆಗೆ ಇವು ಸಾಮಾನ್ಯವಾಗಿ ಮೂರೇ: ನಮ್ಮ ಬೀದಿಗೆ ಗಾಡಿ ಯಾವಾಗ ಬರುತ್ತದೆ ಎಂದು ತಿಳಿಯುವುದು, ಗಾಡಿ ಬಾರದಿದ್ದರೆ ದೂರು ಕೊಡುವುದು, ಹಣ ಕಟ್ಟುವುದು. ಈ ಮೂರನ್ನು ಅಂಗವಿಕಲ ವ್ಯಕ್ತಿಯೊಬ್ಬರು ಬೇರೆಯವರ ನೆರವಿಲ್ಲದೆ ಆರಂಭದಿಂದ ಕೊನೆಯವರೆಗೆ ಮುಗಿಸುವಂತಾದರೆ ಜಾಲತಾಣದ ಮುಖ್ಯ ಕೆಲಸ ಆದಂತೆ. ಉಳಿದ ಪುಟಗಳನ್ನು ಅನಂತರ ನೋಡಿಕೊಳ್ಳಬಹುದು.

ಈಗ ಮೌಸ್ ಅನ್ನು ಪಕ್ಕಕ್ಕಿಟ್ಟು, ಈ ಮೂರು ಕೆಲಸಗಳನ್ನು ಕೀಬೋರ್ಡ್‌ನಿಂದಲೇ ಮಾಡಿ ನೋಡಿ. ಟ್ಯಾಬ್ ಕೀಲಿ ಮುಂದಕ್ಕೆ, ಶಿಫ್ಟ್ ಜೊತೆ ಟ್ಯಾಬ್ ಹಿಂದಕ್ಕೆ, ಎಂಟರ್ ಅಥವಾ ಸ್ಪೇಸ್ ಆಯ್ಕೆಗೆ. ಎಲ್ಲಿ ನಿಂತಿದ್ದೀರಿ ಎಂಬುದು ತೆರೆಯ ಮೇಲೆ ಕಾಣದಿದ್ದರೆ, ವಿನ್ಯಾಸಕಾರರು ಅಂದಕ್ಕಾಗಿ ಸುತ್ತಲಿನ ಗೆರೆಯನ್ನು ತೆಗೆದುಹಾಕಿದ್ದಾರೆ ಎಂದರ್ಥ. ಅದನ್ನು ಮರಳಿ ಹಾಕಿಸಿ. ‘ಸಲ್ಲಿಸಿ’ ಗುಂಡಿಯ ಮೇಲೆ ಟ್ಯಾಬ್ ನಿಲ್ಲದೆ ದಾಟಿಹೋದರೆ, ಅದನ್ನು ನಿಜವಾದ ‘ಬಟನ್’ ಆಗಿ ಬರೆಯದೆ, ಗುಂಡಿಯಂತೆ ಕಾಣುವ ಬರೀ ‘ಡಿವ್’ ಚೌಕವಾಗಿ ಬರೆದಿದ್ದಾರೆ. ಕಣ್ಣಿಗೆ ಎರಡೂ ಒಂದೇ. ಆದರೆ ಎರಡನೆಯದು ಕೀಬೋರ್ಡ್‌ಗೆ ಸಿಗುವುದೇ ಇಲ್ಲ, ತೆರೆಯ ಮೇಲಿನದನ್ನು ಅಂಧರಿಗೆ ಧ್ವನಿಯಲ್ಲಿ ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್‌ಗೆ ಅದು ಗುಂಡಿಯೆಂದೇ ತಿಳಿಯುವುದಿಲ್ಲ. ಪ್ರತಿ ಪುಟದ ಮೊದಲಲ್ಲಿ ‘ನೇರವಾಗಿ ಮುಖ್ಯ ವಿಷಯಕ್ಕೆ ಹೋಗಿ’ ಎಂಬ ಕೊಂಡಿಯೊಂದಿದ್ದರೆ, ಮೆನುವಿನ ಎಲ್ಲ ಅಂಶಗಳನ್ನೂ ಪ್ರತಿ ಸಲ ದಾಟುವ ಶ್ರಮ ತಪ್ಪುತ್ತದೆ.

ಎರಡನೆಯ ಹಂತ: ಕನ್ನಡ ಪಠ್ಯ ಒಳಗಿನಿಂದಲೂ ಕನ್ನಡವೇ ಆಗಿರಲಿ

ನನ್ನ ಅನುಭವದಲ್ಲಿ ನಮ್ಮ ಊರಿನ ಜಾಲತಾಣಗಳ ಅತಿ ದೊಡ್ಡ ತೊಡಕು ಇರುವುದೇ ಇಲ್ಲಿ. ಬೇರೆ ಭಾಷೆಯಲ್ಲಿ ಬರೆದ ಮಾರ್ಗದರ್ಶಿಗಳು ಸಾಮಾನ್ಯವಾಗಿ ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಕಚೇರಿಯಲ್ಲಿ ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತವು ಕಣ್ಣಿಗೆ ಸೊಗಸಾದ ಕನ್ನಡವಾಗಿ ಕಾಣುತ್ತದೆ. ಆದರೆ ಯುನಿಕೋಡ್‌ಗೆ (ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ಜಾಗತಿಕ ಪದ್ಧತಿ) ಮುಂಚಿನ ಈ ಫಾಂಟ್‌ಗಳು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ಚಿತ್ರವನ್ನು ಕೂರಿಸುತ್ತವೆ. ‘ಕನ್ನಡ’ ಎಂದು ಟೈಪ್ ಮಾಡಿದರೆ ಕಡತದೊಳಗೆ ಸೇರುವುದು ಇಂಗ್ಲಿಷಿನ ‘ಪಿ’, ಮೇಲೆ ಗೆರೆಯಿರುವ ‘ಎ’, ಆಮೇಲೆ ಬ್ರಿಟನ್ನಿನ ಪೌಂಡ್ ಚಿಹ್ನೆ, ಹೀಗೆ. ಸ್ಕ್ರೀನ್ ರೀಡರ್ ಓದುವುದು ಒಳಗಿರುವುದನ್ನು, ಕಣ್ಣಿಗೆ ಕಾಣುವುದನ್ನಲ್ಲ. ಆದ್ದರಿಂದ ಅಂಧ ಬಳಕೆದಾರರಿಗೆ ಗಾಡಿಯ ವೇಳಾಪಟ್ಟಿಯ ಬದಲು ಅರ್ಥವಿಲ್ಲದ ಅಕ್ಷರಗಳ ಸಾಲು ಕೇಳಿಸುತ್ತದೆ. ಪರೀಕ್ಷಿಸುವುದು ಸುಲಭ: ಪಿಡಿಎಫ್‌ನಿಂದ ಒಂದು ವಾಕ್ಯ ನಕಲಿಸಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ. ಅಲ್ಲಿ ಕನ್ನಡ ಬಂದರೆ ಸರಿ, ಗೀಚು ಬಂದರೆ ಆ ಕಡತವನ್ನು ಯುನಿಕೋಡ್‌ಗೆ ಬದಲಾಯಿಸಬೇಕು. ಇದಕ್ಕೆ ಪರಿವರ್ತಕ ತಂತ್ರಾಂಶಗಳು ಸಿಗುತ್ತವೆ. ಬದಲಾಯಿಸಿದ ಮೇಲೆ ಒಬ್ಬರು ಕೂತು ಓದಲೇಬೇಕು, ಏಕೆಂದರೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳಲ್ಲಿ ತಪ್ಪು ನುಸುಳುವುದುಂಟು. ಅಂಕಿಗಳನ್ನೂ ವೇಳೆಯನ್ನೂ ಮೂಲದೊಡನೆ ಹೋಲಿಸಿ ನೋಡಿ. ಇನ್ನು ಮುಂದೆ ಟೈಪ್ ಮಾಡುವುದೆಲ್ಲ ಯುನಿಕೋಡ್‌ನಲ್ಲೇ ಇರಲಿ. ನುಡಿ ಮತ್ತು ಬರಹಗಳಲ್ಲೇ ಅದಕ್ಕೆ ವ್ಯವಸ್ಥೆಯಿರುವುದರಿಂದ ಸಿಬ್ಬಂದಿ ಹೊಸ ಕೀಲಿಮಣೆ ಕಲಿಯಬೇಕಾಗಿಲ್ಲ.

ಎರಡನೆಯ ತೊಡಕು ಪೋಸ್ಟರ್. ‘ಹಬ್ಬದ ಪ್ರಯುಕ್ತ ನಾಳೆ ಕಸದ ಗಾಡಿ ಬರುವುದಿಲ್ಲ, ಹಸಿ ಕಸವನ್ನು ನಾಡಿದ್ದು ಕೊಡಿ’ ಎಂಬ ಸೂಚನೆಯನ್ನು ಮಾವಿನ ತೋರಣದ ಚಿತ್ರದ ಮೇಲೆ ಬರೆದು, ವಾಟ್ಸ್‌ಆ್ಯಪ್‌ಗೆ ಕಳಿಸಿದ ಅದೇ ಚಿತ್ರವನ್ನು ಜಾಲತಾಣಕ್ಕೂ ಏರಿಸುವುದು ರೂಢಿ. ಸ್ಕ್ರೀನ್ ರೀಡರ್ ಅಲ್ಲಿ ‘ಇಮೇಜ್’ ಎಂದೋ ಕಡತದ ಹೆಸರನ್ನೋ ಹೇಳಿ ಮುಂದೆ ಹೋಗುತ್ತದೆ. ಮಂದ ದೃಷ್ಟಿಯವರು ಹಿಗ್ಗಿಸಿದರೆ ಅಕ್ಷರ ಮಬ್ಬಾಗುತ್ತದೆ. ಸೂಚನೆಯ ಮಾತನ್ನು ಪುಟದ ಮೇಲೆಯೇ ಪಠ್ಯವಾಗಿ ಬರೆಯಿರಿ; ಪೋಸ್ಟರ್ ಬೇಕೆನಿಸಿದರೆ ಅದರ ಕೆಳಗಿರಲಿ. ಆಗ ಚಿತ್ರದ ‘ಆಲ್ಟ್’ ಪಠ್ಯವನ್ನು, ಅಂದರೆ ಚಿತ್ರದ ಬದಲು ಸ್ಕ್ರೀನ್ ರೀಡರ್ ಓದುವ ವಿವರಣೆಯನ್ನು, ಖಾಲಿ ಬಿಡಬಹುದು, ಅದೇ ಮಾತು ಎರಡು ಸಲ ಕೇಳಿಸುವುದು ತಪ್ಪುತ್ತದೆ. ಪಠ್ಯವೇ ಇಲ್ಲದ ಕಡೆ ಮಾತ್ರ ಆಲ್ಟ್ ಪಠ್ಯದಲ್ಲಿ ಪೂರ್ತಿ ವಿಷಯ ಬರೆಯಬೇಕು: ‘ಪೋಸ್ಟರ್’ ಎಂದಲ್ಲ, ‘ಹಳೆಯ ಪತ್ರಿಕೆಯನ್ನು ಒಣ ಕಸದ ಚೀಲಕ್ಕೆ ಹಾಕುತ್ತಿರುವ ಕೈ’ ಎಂದು. ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿದ ಸುತ್ತೋಲೆಗಳೂ ಚಿತ್ರಗಳೇ. ಸಹಿಯಿರುವ ಪ್ರತಿಯನ್ನು ದಾಖಲೆಗೆ ಇಟ್ಟುಕೊಳ್ಳಿ, ಓದುಗರಿಗೆ ಪಠ್ಯ ಕೊಡಿ.

ಮೂರನೆಯದು ಭಾಷೆಯ ಗುರುತು. ಪುಟವನ್ನು ಬರೆಯುವ ಸಂಕೇತ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ, ಆರಂಭದ ‘html’ ಟ್ಯಾಗ್‌ನಲ್ಲೇ ಭಾಷೆ ಕನ್ನಡ ಎಂದು ಸೂಚಿಸದಿದ್ದರೆ, ಸ್ಕ್ರೀನ್ ರೀಡರ್ ಇಂಗ್ಲಿಷ್ ಧ್ವನಿಯಲ್ಲಿ ಓದಲು ಹೋಗಿ ತಡವರಿಸಬಹುದು, ಇಲ್ಲವೇ ಕನ್ನಡ ಭಾಗವನ್ನು ಬಿಟ್ಟೇಬಿಡಬಹುದು. ಎರಡೂ ಭಾಷೆಯ ಜಾಲತಾಣವಾದರೆ ಪ್ರತಿ ಪುಟಕ್ಕೂ ಸರಿಯಾದ ಭಾಷೆಯನ್ನು, ಕನ್ನಡ ಪುಟದ ನಡುವೆ ಇಂಗ್ಲಿಷ್ ಪ್ಯಾರಾ ಬಂದರೆ ಆ ಭಾಗಕ್ಕೆ ಪ್ರತ್ಯೇಕವಾಗಿ ಗುರುತನ್ನು ಹಾಕಿಸಿ.

ಅಕ್ಷರ ವಿನ್ಯಾಸದಲ್ಲೂ ಕನ್ನಡಕ್ಕೆ ಅದರದೇ ಅಗತ್ಯವಿದೆ. ಇಂಗ್ಲಿಷಿಗೆ ಹೊಂದುವ ಸಾಲಿನ ಎತ್ತರವನ್ನು ಕನ್ನಡಕ್ಕೂ ಇಟ್ಟರೆ ಗುಂಡಿಗಳಲ್ಲಿ ಒತ್ತಕ್ಷರದ ತಳ ಕತ್ತರಿಸಿಹೋಗುತ್ತದೆ. ‘ಪ್ಲಾಸ್ಟಿಕ್’, ‘ತ್ಯಾಜ್ಯ’ ಎಂಬ ಪದಗಳಲ್ಲೇ ನೋಡಬಹುದು. ಸಾಲಿನ ಎತ್ತರ ಅಕ್ಷರ ಗಾತ್ರದ ಒಂದೂವರೆ ಪಟ್ಟಾದರೂ ಇರಲಿ. ಬ್ರೌಸರ್‌ನಲ್ಲಿ 400 ಪ್ರತಿಶತಕ್ಕೆ ಹಿಗ್ಗಿಸಿದಾಗಲೂ ಪಠ್ಯ ಒಂದೇ ಕಾಲಮ್ಮಿನಲ್ಲಿ ಇಳಿಯಬೇಕು. ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಸರಿಸಿ ಓದುವಂತಾಗಬಾರದು.

ಮೂರನೆಯ ಹಂತ: ವೇಳಾಪಟ್ಟಿ

ವೇಳಾಪಟ್ಟಿಯನ್ನು ನಕ್ಷೆಯಲ್ಲಿ ಮಾತ್ರ ಕೊಡಬೇಡಿ. ಗಾಡಿಯ ದಾರಿಯನ್ನು ಬಣ್ಣದ ಗೆರೆಯಲ್ಲಿ ತೋರಿಸುವ ನಕ್ಷೆ ಚೆನ್ನಾಗಿರುತ್ತದೆ, ಆದರೆ ಅದು ಅಂಧರಿಗೆ ಏನನ್ನೂ ಹೇಳುವುದಿಲ್ಲ. ಅದರ ಜೊತೆಗೆ ಬೀದಿಯ ಹೆಸರಿನಿಂದ ಹುಡುಕುವ ಪೆಟ್ಟಿಗೆ ಮತ್ತು ಒಂದು ಸರಳ ಕೋಷ್ಟಕ ಇರಲಿ. ಬೆಂಗಳೂರಿನ ವಿಳಾಸಗಳು ಮೇನ್, ಕ್ರಾಸ್, ಬ್ಲಾಕ್, ಹಂತಗಳಲ್ಲಿ ನಡೆಯುವುದರಿಂದ ‘5ನೇ ಕ್ರಾಸ್’ ಎಂದು ಹುಡುಕಿದರೂ ‘ಐದನೇ ಕ್ರಾಸ್’ ಎಂದು ಹುಡುಕಿದರೂ ಉತ್ತರ ಸಿಗಬೇಕು.

ಕೋಷ್ಟಕದ ಮೇಲಿನ ಸಾಲನ್ನು ಬರೀ ದಪ್ಪ ಅಕ್ಷರ ಮಾಡಿದರೆ ಸಾಲದು. ಶೀರ್ಷಿಕೆ ಕೋಶವೆಂದೇ ಎಚ್‌ಟಿಎಂಎಲ್‌ನಲ್ಲಿ ಗುರುತಿಸಬೇಕು. ಆಗ ಸ್ಕ್ರೀನ್ ರೀಡರ್ ಬಳಸುವವರು ಕೋಶದಿಂದ ಕೋಶಕ್ಕೆ ಹೋದಾಗ ‘ಒಣ ಕಸ, ಬುಧವಾರ’ ಎಂದು ಕೇಳಿಸುತ್ತದೆ, ಇಲ್ಲದಿದ್ದರೆ ಯಾವುದರ ಬುಧವಾರ ಎಂಬುದೇ ತಿಳಿಯದು. ಕೋಶಗಳನ್ನು ಒಂದಕ್ಕೊಂದು ಕೂಡಿಸಿ ಜಟಿಲ ಮಾಡಬೇಡಿ. ದಿನಾಂಕವನ್ನು 03/04 ಎಂದು ಬರೆಯದೆ ‘ಏಪ್ರಿಲ್ 3’ ಎಂದು, ವೇಳೆಯನ್ನು ‘ಬೆಳಿಗ್ಗೆ 7ರಿಂದ 8ರವರೆಗೆ’ ಎಂದು ಬಿಡಿಸಿ ಬರೆದರೆ ಕೇಳುವವರಿಗೂ ಓದಿ ಅರ್ಥಮಾಡಿಕೊಳ್ಳಲು ಕಷ್ಟಪಡುವವರಿಗೂ ಅನುಕೂಲ.

ಗಾಡಿ ಬಂದದ್ದು ನಮ್ಮ ಬೀದಿಗಳಲ್ಲಿ ತಿಳಿಯುವುದು ಅದರ ಧ್ವನಿವರ್ಧಕದಿಂದ ಇಲ್ಲವೇ ಸೀಟಿಯಿಂದ. ಕಿವಿ ಕೇಳದವರಿಗೆ ಇದು ಉಪಯೋಗವಿಲ್ಲ. ಅವರು ಬಾಗಿಲಲ್ಲಿ ಕಾದು ನಿಲ್ಲಬೇಕು ಅಥವಾ ಗಾಡಿ ತಪ್ಪಿಸಿಕೊಳ್ಳಬೇಕು. ಗಾಡಿ ಹಿಂದಿನ ಬೀದಿಗೆ ಬಂದಾಗ ಎಸ್‌ಎಂಎಸ್ ಕಳಿಸುವ ಸೇವೆಗೆ ವೇಳಾಪಟ್ಟಿಯ ಪುಟದಲ್ಲೇ ನೋಂದಾಯಿಸಿಕೊಳ್ಳುವ ಅವಕಾಶ ಕೊಡಿ. ಅದೇ ನೋಂದಣಿಯಲ್ಲಿ ‘ಮನೆ ಬಾಗಿಲಿನಿಂದಲೇ ಕಸ ಒಯ್ಯುವ ನೆರವು ಬೇಕೇ?’ ಎಂಬ ಒಂದು ಪ್ರಶ್ನೆ ಸೇರಿಸಿದರೆ, ಗಾಲಿಕುರ್ಚಿ ಬಳಸುವವರು ಮತ್ತು ಮೆಟ್ಟಿಲಿಳಿಯಲಾರದ ಹಿರಿಯರು ಬೀದಿಗೆ ಬರುವ ಕಷ್ಟ ತಪ್ಪುತ್ತದೆ. ಅಂಗವೈಕಲ್ಯದ ಪ್ರಮಾಣಪತ್ರ ಕೇಳಬೇಡಿ. ಆದರೆ ಆ ಕೋರಿಕೆ ಗಾಡಿಯ ಚಾಲಕರ ಮತ್ತು ಸಹಾಯಕರ ಕೈಗೆ ತಲುಪುವ ವ್ಯವಸ್ಥೆ ಮಾಡಿಕೊಂಡೇ ಈ ಪ್ರಶ್ನೆ ಹಾಕಿ.

ನಾಲ್ಕನೆಯ ಹಂತ: ಬಣ್ಣ

ಕಸ ವಿಂಗಡಣೆಯ ಮಾಹಿತಿ ಬಣ್ಣವನ್ನೇ ನೆಚ್ಚಿಕೊಂಡಿರುತ್ತದೆ. ಕರ್ನಾಟಕ ಹೈಕೋರ್ಟ್ 2015ರಲ್ಲಿ ಬೆಂಗಳೂರಿಗೆ ಕಡ್ಡಾಯ ಮಾಡಿದ ‘ಎರಡು ಬುಟ್ಟಿ, ಒಂದು ಚೀಲ’ ಕ್ರಮದಲ್ಲಿ ಹಸಿ ಕಸಕ್ಕೆ ಹಸಿರು ಬುಟ್ಟಿ, ನೈರ್ಮಲ್ಯ ಕಸದಂಥವಕ್ಕೆ ಕೆಂಪು ಬುಟ್ಟಿ. ವರ್ಣಾಂಧತೆ ಇರುವವರಲ್ಲಿ ಬಹುಪಾಲು ಜನರಿಗೆ ಕಷ್ಟವಾಗುವುದೇ ಕೆಂಪು-ಹಸಿರಿನ ವ್ಯತ್ಯಾಸ. ಆದ್ದರಿಂದ ‘ಹಸಿರು ಗುರುತಿನ ದಿನ’ ಎಂದು ಕ್ಯಾಲೆಂಡರಿನಲ್ಲಿ ಚುಕ್ಕೆ ಮಾತ್ರ ಇಡಬೇಡಿ. ಚುಕ್ಕೆಯ ಪಕ್ಕ ‘ಹಸಿ’ ಎಂದು ಬರೆಯಿರಿ. ಅರ್ಜಿಯಲ್ಲಿ ತಪ್ಪು ತುಂಬಿದ ಪೆಟ್ಟಿಗೆಗೆ ಕೆಂಪು ಅಂಚು ಹಾಕಿದರೆ, ಅದರ ಕೆಳಗೆ ತಪ್ಪೇನೆಂದು ಮಾತಿನಲ್ಲೂ ಹೇಳಿ.

ಅಕ್ಷರ ಮತ್ತು ಹಿನ್ನೆಲೆಯ ನಡುವಿನ ವ್ಯತ್ಯಾಸದ ಅನುಪಾತ ಸಾಮಾನ್ಯ ಪಠ್ಯಕ್ಕೆ ಕನಿಷ್ಠ 4.5:1, ದೊಡ್ಡ ಅಕ್ಷರಗಳಿಗೆ 3:1 ಇರಬೇಕು. ಪರಿಸರದ ಕೆಲಸ ಮಾಡುವ ಸಂಸ್ಥೆಗಳಿಗೆ ತಿಳಿಹಸಿರು ಪ್ರಿಯವಾದದ್ದು, ತೊಂದರೆಯೂ ಅಲ್ಲಿಯೇ. ಬಹಳ ಕಡೆ ಕಾಣುವ ಹಸಿರನ್ನೇ (ಕೆಂಪು 76, ಹಸಿರು 175, ನೀಲಿ 80) ತೆಗೆದುಕೊಂಡು ಅದರ ಮೇಲೆ ಬಿಳಿ ಅಕ್ಷರ ಬರೆದರೆ ಅನುಪಾತ 2.78 ಮಾತ್ರ ಆಗುತ್ತದೆ. ಅದರ ಬದಲು ಕಡುಹಸಿರು (27, 94, 32) ಬಳಸಿದರೆ ಸುಮಾರು 7.9ಕ್ಕೆ ಏರುತ್ತದೆ. ಸಂಸ್ಥೆಯ ಗುರುತು ಹಸಿರಾಗಿಯೇ ಉಳಿಯುತ್ತದೆ, ಬಿಸಿಲಿನಲ್ಲಿ ನಿಂತು ಫೋನ್ ನೋಡುವವರಿಗೂ ಓದಲು ಬರುತ್ತದೆ.

ಐದನೆಯ ಹಂತ: ದೂರಿನ ಅರ್ಜಿ

ಜಾಲತಾಣದ ಬೇರೆ ಎಲ್ಲ ಭಾಗಗಳಿಗಿಂತ ಹೆಚ್ಚಿನ ಗಮನ ಇದಕ್ಕೆ ಕೊಡಬೇಕು, ಏಕೆಂದರೆ ದೂರು ಕೊಡಲಾಗದವರ ಮನೆಯ ಕಸ ಉಳಿದಿದ್ದರೂ ಸಂಸ್ಥೆಯ ಲೆಕ್ಕದಲ್ಲಿ ಅಲ್ಲಿ ದೂರೇ ಇಲ್ಲ ಎಂದಾಗುತ್ತದೆ.

ಪ್ರತಿ ಪೆಟ್ಟಿಗೆಗೂ ‘ಲೇಬಲ್’ ಇರಬೇಕು ಮತ್ತು ಅದು ಆ ಪೆಟ್ಟಿಗೆಗೆ ಕೋಡ್‌ನಲ್ಲಿ ಜೋಡಣೆಯಾಗಿರಬೇಕು. ಪೆಟ್ಟಿಗೆಯೊಳಗೆ ಮಸುಕಾಗಿ ‘ನಿಮ್ಮ ಹೆಸರು’ ಎಂದು ಬರೆದು ಬಿಡುವುದು ಲೇಬಲ್ ಅಲ್ಲ. ಟೈಪ್ ಮಾಡತೊಡಗಿದ ಕೂಡಲೇ ಅದು ಮಾಯವಾಗುವುದರಿಂದ, ನೆನಪಿನ ತೊಂದರೆಯಿರುವವರು ಯಾವ ಪೆಟ್ಟಿಗೆಯಲ್ಲಿ ಏನು ಬರೆಯುತ್ತಿದ್ದೆವು ಎಂಬುದನ್ನೇ ಮರೆಯಬಹುದು. ಹೆಸರು, ಫೋನ್, ವಿಳಾಸದ ಪೆಟ್ಟಿಗೆಗಳಿಗೆ ಬ್ರೌಸರ್ ತಾನೇ ತುಂಬುವ ಸೌಲಭ್ಯ ಕೊಟ್ಟರೆ ಟೈಪ್ ಮಾಡುವುದೇ ಕಷ್ಟವಾಗಿರುವವರಿಗೆ ಬಹಳ ಉಪಕಾರ. ಹೆಸರು ಮತ್ತು ವಿಳಾಸವನ್ನು ಕನ್ನಡದಲ್ಲಿ ಬರೆದರೆ ‘ಅಮಾನ್ಯ ಅಕ್ಷರ’ ಎಂದು ತಿರಸ್ಕರಿಸುವ ಅರ್ಜಿಗಳಿವೆ. ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಒಪ್ಪುವ ಆ ಪರಿಶೀಲನೆಯನ್ನು ತೆಗೆಸಿ. ಕನ್ನಡದಲ್ಲಿ ಮಾತನಾಡಿ ಟೈಪ್ ಮಾಡಿಸುವವರಿಗೆ ಅದು ಪೂರ್ಣ ತಡೆಯಾಗಿಬಿಡುತ್ತದೆ.

ಸ್ಥಳ ಗುರುತಿಸಲು ನಕ್ಷೆಯ ಮೇಲೆ ಪಿನ್ ಎಳೆದು ಇಡಬೇಕೆಂಬ ನಿಯಮ ಬೇಡ. ಕೈ ನಡುಗುವವರಿಗೆ ಎಳೆಯುವುದು ಕಷ್ಟ, ಅಂಧರಿಗೆ ಅಸಾಧ್ಯ. ವಿಳಾಸ ಬರೆಯುವ ಪೆಟ್ಟಿಗೆಯೂ, ‘ನಾನಿರುವ ಸ್ಥಳವನ್ನು ಬಳಸಿ’ ಎಂಬ ಗುಂಡಿಯೂ ಇರಲಿ. ‘ಎತ್ತದೆ ಬಿಟ್ಟ ಕಸದ ಫೋಟೊ ಕಡ್ಡಾಯ’ ಎಂಬ ಷರತ್ತನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ. ಕಣ್ಣು ಕಾಣದವರು ಮೂರನೆಯ ಮಹಡಿಯಿಂದ ಇಳಿದು, ಬೀದಿಯಲ್ಲಿ ನಿಂತು, ಕಸದ ರಾಶಿಯನ್ನು ಚೌಕಟ್ಟಿನೊಳಗೆ ತಂದು ಫೋಟೊ ತೆಗೆಯಬೇಕೆಂದು ಯಾವ ಸಂಸ್ಥೆಯೂ ಕೇಳಬಾರದು. ಫೋಟೊ ಐಚ್ಛಿಕವಾಗಿರಲಿ, ಮಾತಿನ ವಿವರಣೆಗೂ ಫೋಟೊದಷ್ಟೇ ಬೆಲೆ ಸಿಗಲಿ.

ತಪ್ಪು ತುಂಬಿದಾಗ ಬರುವ ಸಂದೇಶ ದಾರಿ ತೋರಿಸುವಂತಿರಬೇಕು. ‘ದೋಷ’ ಎಂಬ ಒಂದೇ ಪದದ ಬದಲು ‘ಫೋನ್ ಸಂಖ್ಯೆಯಲ್ಲಿ 10 ಅಂಕಿಗಳಿರಬೇಕು, ನೀವು 9 ತುಂಬಿದ್ದೀರಿ’ ಎಂದು ಬರೆಯಿರಿ, ಮತ್ತು ತಪ್ಪಿರುವ ಮೊದಲ ಪೆಟ್ಟಿಗೆಗೇ ಬಳಕೆದಾರರನ್ನು ಕರೆದೊಯ್ಯಿರಿ. ಈಗಾಗಲೇ ಸರಿಯಾಗಿ ತುಂಬಿದ್ದನ್ನು ಅಳಿಸಬೇಡಿ. ದೂರು ದಾಖಲಾದ ಮೇಲೆ ತೆರೆಯ ಮೂಲೆಯಲ್ಲಿ ಕ್ಷಣಕಾಲ ಮಿನುಗಿ ಹೋಗುವ ಹಸಿರು ಪಟ್ಟಿಯನ್ನು ಸ್ಕ್ರೀನ್ ರೀಡರ್ ಗಮನಿಸುವುದೇ ಇಲ್ಲ. ‘ಏರಿಯಾ-ಲೈವ್’ (aria-live) ಎಂಬ ಗುರುತಿರುವ ಭಾಗದಲ್ಲಿ ಸಂದೇಶ ಬಂದರೆ ಅದು ಕೂಡಲೇ ಓದಿ ಹೇಳುತ್ತದೆ. ದೂರಿನ ಸಂಖ್ಯೆ ಪುಟದಲ್ಲಿ ಸ್ಥಿರವಾಗಿ ಉಳಿಯಬೇಕು, ಎಸ್‌ಎಂಎಸ್‌ನಲ್ಲೂ ಬರಬೇಕು.

ಗುಂಡಿಗಳು ಕನಿಷ್ಠ 24×24 ಪಿಕ್ಸೆಲ್ ಇರಬೇಕೆಂಬುದು ನಿಯಮ. ಬೆರಳಿನ ಹಿಡಿತ ಕಡಿಮೆಯಿರುವವರನ್ನು ನೆನೆದರೆ 44 ಪಿಕ್ಸೆಲ್ ಇಡುವುದೇ ಒಳ್ಳೆಯದು.

ದೂರು ಕೊಡಲು ಫೋನ್ ಸಂಖ್ಯೆ ಒಂದೇ ಇದ್ದರೆ ಶ್ರವಣದೋಷವಿರುವವರು ಮತ್ತು ಮಾತಿನ ತೊಂದರೆಯಿರುವವರು ಹೊರಗುಳಿಯುತ್ತಾರೆ. ಅರ್ಜಿ ಒಂದೇ ಇದ್ದರೆ ಓದು ಬಾರದವರು ಹೊರಗುಳಿಯುತ್ತಾರೆ. ಎರಡೂ ಇರಲಿ.

ಆರನೆಯ ಹಂತ: ಒಟಿಪಿ, ಕ್ಯಾಪ್ಚಾ, ಹಣ ಪಾವತಿ

ಒಟಿಪಿಗೆ ಆರು ಪುಟ್ಟ ಪೆಟ್ಟಿಗೆಗಳನ್ನು ಸಾಲಾಗಿ ಇಡುವ ವಿನ್ಯಾಸದಲ್ಲಿ ಸ್ಕ್ರೀನ್ ರೀಡರ್ ಪ್ರತಿ ಅಂಕಿಗೂ ಹೊಸ ಪೆಟ್ಟಿಗೆಯನ್ನು ಘೋಷಿಸುತ್ತದೆ, ಅಂಟಿಸಲೂ ಆಗದಿರಬಹುದು. ಒಂದೇ ಉದ್ದ ಪೆಟ್ಟಿಗೆ ಸಾಕು. ನಿಧಾನವಾಗಿ ಟೈಪ್ ಮಾಡುವವರಿಗೆ 30 ಸೆಕೆಂಡು ಸಾಲದು; ಅವಧಿಯನ್ನು ಹೆಚ್ಚಿಸಿ, ಮುಗಿಯುವ ಮುನ್ನ ತಿಳಿಸಿ. ‘ಬಸ್ಸಿರುವ ಚಿತ್ರಗಳನ್ನು ಆರಿಸಿ’ ಎಂಬ ಬಗೆಯ ಕ್ಯಾಪ್ಚಾವನ್ನು (ಬಳಸುತ್ತಿರುವುದು ಮನುಷ್ಯರೇ ಎಂದು ನೋಡುವ ಪರೀಕ್ಷೆ) ತೆಗೆದುಹಾಕಿ. ಸಣ್ಣ ಸಂಸ್ಥೆಯ ದೂರಿನ ಅರ್ಜಿಗೆ ಬರುವ ಯಂತ್ರಗಳ ದಾಳಿಯನ್ನು ಒಟಿಪಿ ಮತ್ತು ಸರ್ವರ್‌ನಲ್ಲಿ ಹಾಕುವ ಮಿತಿಯಿಂದಲೇ ತಡೆಯಬಹುದು.

ಯುಪಿಐ ಕ್ಯೂಆರ್ ಚಿತ್ರವೊಂದನ್ನೇ ಪಾವತಿ ಪುಟದಲ್ಲಿ ಇಟ್ಟರೆ ಅಂಧರಿಗೆ ಅದು ಸಿಗುವುದಿಲ್ಲ. ಅದೇ ಫೋನಿನಲ್ಲಿ ಪುಟ ತೆರೆದವರಿಗೂ ಅದನ್ನು ಆ ಫೋನಿನ ಕ್ಯಾಮೆರಾದಿಂದ ಸ್ಕ್ಯಾನ್ ಮಾಡಲು ಬರುವುದಿಲ್ಲ. ಯುಪಿಐ ವಿಳಾಸವನ್ನು ಪಠ್ಯವಾಗಿ ಬರೆದು, ಪಾವತಿ ಆ್ಯಪ್ ತೆರೆಯುವ ಕೊಂಡಿಯನ್ನೂ ಕೊಡಿ. ಹಣ ಕಳುಹಿಸುವ ಮುನ್ನ ಮೊತ್ತ ಮತ್ತು ತಿಂಗಳನ್ನು ಮತ್ತೊಮ್ಮೆ ತೋರಿಸಿ ಖಚಿತಪಡಿಸಿಕೊಳ್ಳಿ.

ವಿಡಿಯೊಗಳ ಬಗ್ಗೆ ಒಂದೇ ಮಾತು: ಕಸ ವಿಂಗಡಣೆಯನ್ನು ಕಲಿಸುವ ವಿಡಿಯೊಗೆ ಕನ್ನಡ ಅಡಿಬರಹ ಇರಲಿ, ಮತ್ತು ನಿರೂಪಕರು ‘ಇದನ್ನು ಇಲ್ಲಿ ಹಾಕಿ’ ಎನ್ನದೆ ‘ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣ ಕಸದ ಚೀಲಕ್ಕೆ ಹಾಕಿ’ ಎಂದು ಹೇಳಲಿ.

ಏಳನೆಯ ಹಂತ: ಪರೀಕ್ಷೆ

ಆ್ಯಕ್ಸ್, ವೇವ್, ಲೈಟ್‌ಹೌಸ್ ಎಂಬ ಉಚಿತ ಸಾಧನಗಳು ಲೇಬಲ್ ಇಲ್ಲದ ಪೆಟ್ಟಿಗೆ, ಕಡಿಮೆ ಬಣ್ಣದ ವ್ಯತ್ಯಾಸ, ಆಲ್ಟ್ ಇಲ್ಲದ ಚಿತ್ರಗಳನ್ನು ಕ್ಷಣದಲ್ಲಿ ಹಿಡಿದು ಕೊಡುತ್ತವೆ. ಆಲ್ಟ್ ಪಠ್ಯ ಇದೆ ಎಂದು ಅವು ಹೇಳಬಲ್ಲವು, ಅದು ಅರ್ಥಪೂರ್ಣವೋ ಎಂದು ಹೇಳಲಾರವು. ಆದ್ದರಿಂದ ಅನಂತರ ನೀವೇ ಕೇಳಿ ನೋಡಬೇಕು. ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ತನ್ನೊಡನೆ ಬರುವ ಇ-ಸ್ಪೀಕ್ ಧ್ವನಿಯಲ್ಲಿ ಕನ್ನಡ ಓದುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್ ಇದೆ, ಐಫೋನಿನಲ್ಲಿ ವಾಯ್ಸ್‌ಓವರ್ ಇದೆ. ತೆರೆಯನ್ನು ಮುಚ್ಚಿ, ಕಿವಿಯಿಂದ ಮಾತ್ರ ಒಂದು ದೂರು ದಾಖಲಿಸಿ ನೋಡಿ. ಒಂದು ಸಾಲಿನ ಕೋಡ್ ಸೇರಿಸಿದರೆ ಜಾಲತಾಣ ತಾನೇ ಎಲ್ಲರಿಗೂ ಅನುಕೂಲವಾಗುತ್ತದೆ ಎಂದು ಮಾರುವ ತೇಲು ಗುಂಡಿಗಳಿಗೆ ಹಣ ಹಾಕಬೇಡಿ. ನುಡಿ ಫಾಂಟಿನ ಪಿಡಿಎಫ್ ಆಗಲಿ, ‘ಡಿವ್’ ಗುಂಡಿಯಾಗಲಿ ಅವುಗಳಿಂದ ಸರಿಹೋಗುವುದಿಲ್ಲ.

ಇಷ್ಟಾದ ಮೇಲೆ ಅಂಗವಿಕಲ ಬಳಕೆದಾರರನ್ನೇ ಕರೆದು ಪರೀಕ್ಷೆ ಮಾಡಿಸಿ. ಮಿತ್ರ ಜ್ಯೋತಿ, ಎನೇಬಲ್ ಇಂಡಿಯಾದಂಥ ಸಂಸ್ಥೆಗಳು ಬೆಂಗಳೂರಿನಲ್ಲೇ ಈ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿರುವುದರಿಂದ ಜನರನ್ನು ಹುಡುಕುವುದು ಕಷ್ಟವಲ್ಲ. ಅಂಧರೊಬ್ಬರು, ಮಂದ ದೃಷ್ಟಿಯವರೊಬ್ಬರು, ಕೀಬೋರ್ಡ್ ಮಾತ್ರ ಬಳಸುವವರೊಬ್ಬರು, ಶ್ರವಣದೋಷವಿರುವವರೊಬ್ಬರು ಬಂದರೂ ಬಹಳಷ್ಟು ತಿಳಿಯುತ್ತದೆ. ಅವರ ಸಮಯಕ್ಕೆ ಸಂಭಾವನೆ ಕೊಡಿ. ಇದು ಪರಿಣತರ ಕೆಲಸ. ‘ನಿಮ್ಮ ಬೀದಿಗೆ ಒಣ ಕಸದ ಗಾಡಿ ಯಾವಾಗ ಬರುತ್ತದೆ, ನೋಡಿ ಹೇಳಿ’ ಎಂದಷ್ಟೇ ಕೇಳಿ ಸುಮ್ಮನೆ ಕುಳಿತುಕೊಳ್ಳಿ. ನಡುವೆ ಬಾಯಿ ಹಾಕಿ ‘ಮೇಲೆ ಬಲಕ್ಕೆ ಒತ್ತಿ’ ಎಂದುಬಿಟ್ಟರೆ, ಅವರು ಒಬ್ಬರೇ ಇದ್ದಾಗ ಎಲ್ಲಿ ಸಿಕ್ಕಿಬೀಳುತ್ತಾರೆ ಎಂಬುದು ನಿಮಗೆ ತಿಳಿಯದೆ ಹೋಗುತ್ತದೆ.

ಕೊನೆಯ ಹಂತ: ಹಾಳಾಗದಂತೆ ನೋಡಿಕೊಳ್ಳುವುದು

ಸರಿಪಡಿಸಿದ ಜಾಲತಾಣ ಮತ್ತೆ ಹಾಳಾಗುವುದು ಸಾಮಾನ್ಯವಾಗಿ ಕೋಡ್‌ನಿಂದಲ್ಲ, ಮುಂದಿನ ಹಬ್ಬದ ಪೋಸ್ಟರ್‌ನಿಂದ. ಸೂಚನೆ ಹಾಕುವ ಸಿಬ್ಬಂದಿಯ ಮೇಜಿನ ಮೇಲೆ ಒಂದು ಚಿಕ್ಕ ಚೀಟಿ ಅಂಟಿಸಿ: ಯುನಿಕೋಡ್‌ನಲ್ಲಿ ಟೈಪ್ ಮಾಡಿದೆಯೇ, ಮಾತು ಪಠ್ಯವಾಗಿ ಪುಟದಲ್ಲಿದೆಯೇ, ದಿನಾಂಕ ಬಿಡಿಸಿ ಬರೆದಿದೆಯೇ. ಪಠ್ಯದ ಪೆಟ್ಟಿಗೆ ಖಾಲಿಯಿದ್ದರೆ ಚಿತ್ರ ಪ್ರಕಟವಾಗದಂತೆ ವ್ಯವಸ್ಥೆಯಲ್ಲೇ ತಡೆ ಹಾಕಿಸುವುದು ಇನ್ನೂ ಒಳ್ಳೆಯದು. ಹೊರಗಿನ ಕಂಪನಿಯಿಂದ ಜಾಲತಾಣ ಮಾಡಿಸುವುದಾದರೆ, ಡಬ್ಲ್ಯೂಸಿಎಜಿ 2.2ರ ‘ಎಎ’ ಮಟ್ಟ, ಕೀಬೋರ್ಡ್ ಪರೀಕ್ಷೆ ಮತ್ತು ಕನ್ನಡ ಸ್ಕ್ರೀನ್ ರೀಡರ್ ಪರೀಕ್ಷೆಯನ್ನು ಒಪ್ಪಂದದಲ್ಲೇ ಬರೆಸಿ, ಅವು ಮುಗಿದ ಮೇಲೆಯೇ ಕೊನೆಯ ಕಂತು ಪಾವತಿಸಿ.

ಜಾಲತಾಣದ ಅಡಿಯಲ್ಲಿ ‘ಈ ಜಾಲತಾಣ ಬಳಸಲು ತೊಂದರೆಯಾದರೆ ತಿಳಿಸಿ’ ಎಂಬ ಪುಟವೊಂದಿರಲಿ. ಅದರಲ್ಲಿ ಫೋನ್, ಎಸ್‌ಎಂಎಸ್, ಇಮೇಲ್ ಮೂರೂ ಇರಲಿ. ಇನ್ನೂ ಸರಿಯಾಗದ ಭಾಗ ಯಾವುದು, ಅಲ್ಲಿಯವರೆಗೆ ಬದಲಿ ದಾರಿ ಯಾವುದು ಎಂಬುದನ್ನೂ ಬರೆಯಿರಿ. ಆ ಸಂದೇಶಗಳನ್ನು ಓದಿ ಉತ್ತರಿಸುವ ಹೊಣೆಯನ್ನು ಕಚೇರಿಯಲ್ಲಿ ಒಬ್ಬರಿಗೆ ವಹಿಸಿ, ಅವರು ರಜೆಯಲ್ಲಿದ್ದಾಗ ಯಾರು ನೋಡಬೇಕೆಂಬುದನ್ನೂ ಮೊದಲೇ ಗೊತ್ತುಮಾಡಿ.